ಬೀಗ ಬದಲಿಸಿದರೂ ತೆರೆಯುವ ಬಾಗಿಲು: ಡಿಐಆರ್-100 ರೌಟರ್ ಕುರಿತ ಪ್ರಕರಣ ಅಧ್ಯಯನ

2013ರ ಅಕ್ಟೋಬರ್ 12ರಂದು ಕ್ರೇಗ್ ಹೆಫ್ನರ್ ಎಂಬ ಭದ್ರತಾ ಸಂಶೋಧಕರು ಡಿ-ಲಿಂಕ್ ಕಂಪನಿಯ ಡಿಐಆರ್-100 ರೌಟರ್ ಬಗ್ಗೆ ಒಂದು ಬರಹ ಪ್ರಕಟಿಸಿದರು. ಮನೆ ಮತ್ತು ಸಣ್ಣ ಕಚೇರಿಗಳಿಗೆಂದು ಮಾಡಿದ, ತಂತಿಯ ಮೂಲಕ ಕೆಲಸ ಮಾಡುವ ಸಾಧಾರಣ ರೌಟರ್ ಅದು. ಅದರ ಆಡಳಿತ ಪುಟಕ್ಕೆ ಪಾಸ್‌ವರ್ಡ್ ಇದೆ, ಮಾಲೀಕರು ಅದನ್ನು ಬದಲಿಸಿಕೊಳ್ಳಬಹುದು. ಆದರೆ ಆ ಪಾಸ್‌ವರ್ಡ್ ಎಷ್ಟು ಉದ್ದವಾಗಿದ್ದರೂ ಎಷ್ಟು ಕಠಿಣವಾಗಿದ್ದರೂ, ಒಂದು ನಿಗದಿತ ಅಕ್ಷರಸಾಲನ್ನು ಕಳುಹಿಸಿದವರನ್ನು ರೌಟರ್ ಏನೂ ಕೇಳದೆ ಒಳಗೆ ಬಿಡುತ್ತದೆ ಎಂಬುದನ್ನು ಹೆಫ್ನರ್ ತೋರಿಸಿದ್ದರು.

ಆ ಅಕ್ಷರಸಾಲು ಶುರುವಾಗುವುದು ‘ಎಕ್ಸ್‌ಎಂಎಲ್‌ಸೆಟ್’ ಎಂಬ ಪದದಿಂದ. ಆಮೇಲೆ ಒಂದು ಅಡಿಗೆರೆ, ಅದರ ಬೆನ್ನಿಗೆ ಅರ್ಥವೇ ಇಲ್ಲದಂತೆ ಕಾಣುವ ಇಂಗ್ಲಿಷ್ ಅಕ್ಷರಗಳು, ನಡುವೆ 28840 ಎಂಬ ಸಂಖ್ಯೆ. ಈ ಎರಡನೆಯ ಭಾಗವನ್ನು ಬಲದಿಂದ ಎಡಕ್ಕೆ ಓದಿದರೆ ಗುಟ್ಟು ಬಿಚ್ಚಿಕೊಳ್ಳುತ್ತದೆ. 28840 ಹೋಗಿ 04882 ಆಗುತ್ತದೆ, ಅಕ್ಷರಗಳು ಪದಗಳಾಗುತ್ತವೆ: ‘ಎಡಿಟ್ ಬೈ 04882 ಜೋಯೆಲ್ ಬ್ಯಾಕ್‌ಡೋರ್’. ಜೋಯೆಲ್ ಎಂಬವರು ತಿದ್ದಿದ ಹಿಂಬಾಗಿಲು ಎಂದು ಸಾಲೇ ಹೇಳುತ್ತಿದೆ.

ರೌಟರ್‌ಗಳ ಭದ್ರತಾ ದೋಷಗಳ ಬಗ್ಗೆ ಓದಿದ ಎಷ್ಟೋ ವರದಿಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದು. ಸಾಮಾನ್ಯವಾಗಿ ಇಂಥ ದೋಷ ಅಚಾತುರ್ಯದಿಂದ ಆಯಿತೋ ಬೇಕೆಂದೇ ಆಯಿತೋ ಎಂದು ವಾದ ನಡೆಯುತ್ತದೆ. ಇಲ್ಲಿ ಆ ವಾದಕ್ಕೆ ಎಡೆಯಿಲ್ಲ. ಬರೆದವರಿಗೆ ಅದು ಹಿಂಬಾಗಿಲು ಎಂದು ಗೊತ್ತಿತ್ತು, ಅದನ್ನು ತಿರುಗುಮುರುಗು ಮಾಡಿ ಮರೆಮಾಚಬೇಕೆಂದೂ ತೋಚಿತ್ತು. ಹಾಗೆಂದು ಆ ವ್ಯಕ್ತಿ ಯಾರೆಂದು ಬೆನ್ನಟ್ಟುವುದರಲ್ಲಿ ನನಗೆ ಆಸಕ್ತಿಯಿಲ್ಲ. ಒಬ್ಬರು ಬರೆದ ಸಾಲನ್ನು ಇನ್ನೊಬ್ಬರು ಓದಬೇಕಿತ್ತು, ಮತ್ತೊಬ್ಬರು ಪರೀಕ್ಷಿಸಬೇಕಿತ್ತು, ಅದರ ಮೇಲೆ ತಮ್ಮ ಹೆಸರಿನ ಚೀಟಿ ಅಂಟಿಸಿ ಮಾರಿದವರು ಒಮ್ಮೆಯಾದರೂ ಒಳಗೆ ಇಣುಕಬೇಕಿತ್ತು. ಇದು ಒಂದು ಕೈಯ ತಪ್ಪಲ್ಲ.

ಕೋಡ್ ಒಳಗೆ ಕಂಡದ್ದು

ಹೆಫ್ನರ್ ಇದಕ್ಕಾಗಿ ಯಾರ ಮನೆಯ ಜಾಲಕ್ಕೂ ನುಗ್ಗಬೇಕಾಗಲಿಲ್ಲ. ಕಂಪನಿಯೇ ಗ್ರಾಹಕರಿಗೆಂದು ಎಲ್ಲರಿಗೂ ಸಿಗುವಂತೆ ಇಟ್ಟಿದ್ದ ಫರ್ಮ್‌ವೇರ್ ಕಡತವನ್ನು, ಅದರ 1.13ನೇ ಆವೃತ್ತಿಯನ್ನು, ಇಳಿಸಿಕೊಂಡು ಬಿಚ್ಚಿದರು. ರೌಟರ್‌ನ ಫರ್ಮ್‌ವೇರ್ ಎಂದರೆ ಅದರ ಕಾರ್ಯಾಚರಣ ವ್ಯವಸ್ಥೆ, ಪ್ರೋಗ್ರಾಂಗಳು, ಆಡಳಿತ ಪುಟಗಳು ಎಲ್ಲವನ್ನೂ ಕುಗ್ಗಿಸಿ ಕಟ್ಟಿದ ಒಂದು ಗಂಟು. ಗಂಟಿನೊಳಗೆ ಎಲ್ಲಿ ಏನಿದೆ ಎಂದು ಗುರುತಿಸುವ ಬಿನ್‌ವಾಕ್ ಎಂಬ ಉಪಕರಣವಿದೆ. ಅದನ್ನು ರೂಪಿಸಿದವರೂ ಹೆಫ್ನರ್ ಅವರೇ. ಅದರಿಂದ ಕಡತಗಳನ್ನು ಹೊರತೆಗೆದು, ಆಡಳಿತ ಪುಟಗಳನ್ನು ಒದಗಿಸುವ ವೆಬ್ ಸರ್ವರ್ ಪ್ರೋಗ್ರಾಂ ಅನ್ನು ಯಂತ್ರಸಂಕೇತವನ್ನು ಓದಬಹುದಾದ ಆದೇಶಗಳಾಗಿ ಬಿಡಿಸಿ ತೋರಿಸುವ ಡಿಸ್‌ಅಸೆಂಬ್ಲರ್‌ನಲ್ಲಿ ತೆರೆದು ಓದತೊಡಗಿದರು.

ಆ ವೆಬ್ ಸರ್ವರ್ ಹೊಸದಾಗಿ ಬರೆದದ್ದಲ್ಲ. ಟಿಎಚ್‌ಟಿಟಿಪಿಡಿ ಎಂಬ ಚಿಕ್ಕ ಮುಕ್ತ ತಂತ್ರಾಂಶವನ್ನು ಆಲ್ಫಾ ನೆಟ್‌ವರ್ಕ್ಸ್ ಎಂಬ ತೈವಾನ್‌ನ ಸಂಸ್ಥೆ ತನಗೆ ಬೇಕಾದಂತೆ ತಿದ್ದಿಕೊಂಡಿತ್ತು. ಆ ಸಂಸ್ಥೆ ಸೇರಿಸಿದ ಫಂಕ್ಷನ್‌ಗಳ, ಅಂದರೆ ಒಂದೊಂದು ಕೆಲಸ ಮಾಡುವ ಕೋಡ್ ತುಣುಕುಗಳ, ಹೆಸರುಗಳು ‘ಆಲ್ಫಾ’ ಎಂದೇ ಆರಂಭವಾಗುತ್ತವೆ, ಆದ್ದರಿಂದ ಮೂಲದಲ್ಲಿ ಇದ್ದದ್ದು ಯಾವುದು, ಆಮೇಲೆ ಬಂದದ್ದು ಯಾವುದು ಎಂದು ಬೇರ್ಪಡಿಸುವುದು ಸುಲಭವಾಗಿತ್ತು. ಅವುಗಳಲ್ಲಿ ಲಾಗಿನ್ ತಪಾಸಣೆಗೆಂದೇ ಇದ್ದ ಫಂಕ್ಷನ್ ಸಹಜವಾಗಿಯೇ ಗಮನ ಸೆಳೆಯಿತು.

ಆ ಫಂಕ್ಷನ್‌ನ ನಡೆ ಹೀಗಿದೆ. ಮೊದಲು, ಬಂದಿರುವ ಕೋರಿಕೆ ಚಿತ್ರಗಳ ಫೋಲ್ಡರ್‌ಗೋ ಸಾರ್ವಜನಿಕ ಪುಟಗಳ ಫೋಲ್ಡರ್‌ಗೋ ಸಂಬಂಧಿಸಿದ್ದೇ ಎಂದು ನೋಡುತ್ತದೆ. ಹೌದಾದರೆ ಲಾಗಿನ್ ಇಲ್ಲದೆ ಬಿಡುತ್ತದೆ. ಇದರಲ್ಲಿ ಅಚ್ಚರಿಯೇನಿಲ್ಲ, ಲಾಗಿನ್ ಪುಟದ ಮೇಲಿನ ಚಿತ್ರವನ್ನು ತೋರಿಸುವುದಕ್ಕೂ ಲಾಗಿನ್ ಕೇಳಿದರೆ ಯಾರೂ ಒಳಗೆ ಬರಲಾರರು. ಆಮೇಲೆ ಕೋರಿಕೆಯ ಜೊತೆ ಬಂದ ‘ಯೂಸರ್ ಏಜೆಂಟ್’ ಎಂಬ ಸಾಲನ್ನು ತೆಗೆದು, ಮೇಲೆ ಹೇಳಿದ ಅಕ್ಷರಸಾಲಿನೊಂದಿಗೆ ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ‘ತಪಾಸಣೆ ಮುಗಿಯಿತು, ಒಳಗೆ ಬಿಡು’ ಎಂಬ ಉತ್ತರ ಹಿಂದಿರುಗಿಸುತ್ತದೆ. ಹೆಸರು ಮತ್ತು ಪಾಸ್‌ವರ್ಡ್ ಪರೀಕ್ಷಿಸುವ ಭಾಗ ಬರುವುದು ಇದೆಲ್ಲ ಆದ ಮೇಲೆ. ಹಿಂಬಾಗಿಲಿನಿಂದ ಬಂದವರು ಆ ಭಾಗವನ್ನು ಮುಟ್ಟುವುದೇ ಇಲ್ಲ.

ಯೂಸರ್ ಏಜೆಂಟ್ ಎಂದರೆ ಬ್ರೌಸರ್ ತಾನು ಯಾರೆಂದು ಹೇಳಿಕೊಳ್ಳುವ ಸಾಲು. ‘ನಾನು ಇಂಥ ಬ್ರೌಸರ್, ಇಂಥ ಆವೃತ್ತಿ’ ಎಂದು ಪ್ರತಿ ಕೋರಿಕೆಯಲ್ಲೂ ಅದು ಹೋಗುತ್ತದೆ. ಅದರಲ್ಲಿ ಏನು ಬರೆಯಬೇಕು ಎನ್ನುವುದು ಕಳುಹಿಸುವವರಿಗೆ ಬಿಟ್ಟದ್ದು. ಬ್ರೌಸರ್‌ನ ಸೆಟ್ಟಿಂಗ್‌ನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಬಾಗಿಲಲ್ಲಿ ನಿಂತವನು ಹೇಳಿದ ಹೆಸರನ್ನೇ ನಂಬಿ ಮನೆಯನ್ನು ಒಪ್ಪಿಸಿದಂತಾಯಿತು. ಈ ಸಾಲು ಜಾಲದಲ್ಲಿ ಮುಚ್ಚುಮರೆಯಿಲ್ಲದೆ ಸಾಗುತ್ತದೆ ಎಂಬುದನ್ನೂ ಸೇರಿಸಿಕೊಂಡರೆ, ಇದನ್ನು ಪಾಸ್‌ವರ್ಡ್ ಎಂದು ಕರೆಯುವುದೂ ಹೆಚ್ಚಾಯಿತು. ಆದರೂ ಕೆಲಸದಲ್ಲಿ ಇದು ಪಾಸ್‌ವರ್ಡೇ: ಪ್ರತಿ ಸಾಧನದಲ್ಲೂ ಒಂದೇ, ಕೋಡ್‌ನಲ್ಲೇ ಅಚ್ಚೊತ್ತಿದ್ದು, ಮಾಲೀಕರ ಕೈಗೆ ಸಿಗದಂಥದ್ದು.

ಇಲ್ಲಿ ಒಂದು ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜನರಿಗೆ ಕೊಡುವ ಸಲಹೆಗಳೆಲ್ಲ ಇದನ್ನು ಮಸುಕಾಗಿಸುತ್ತವೆ. ಪೆಟ್ಟಿಗೆಯಿಂದ ತೆಗೆದ ಹೊಸ ರೌಟರ್‌ಗೆ ಬಳಕೆದಾರರ ಹೆಸರು ‘ಅಡ್ಮಿನ್’, ಪಾಸ್‌ವರ್ಡ್ ಕೂಡ ‘ಅಡ್ಮಿನ್’ ಎಂದಿದ್ದರೆ ಅದು ಡೀಫಾಲ್ಟ್ ಪಾಸ್‌ವರ್ಡ್. ಅದೂ ಕೆಟ್ಟದ್ದೇ, ಆದರೆ ಮಾಲೀಕರ ಕಣ್ಣಿಗೆ ಬೀಳುತ್ತದೆ, ಬದಲಿಸಲು ಜಾಗವಿದೆ. ಅಚ್ಚೊತ್ತಿದ ಪಾಸ್‌ವರ್ಡ್ ಹಾಗಲ್ಲ. ಅದು ಯಾವ ಪುಟದಲ್ಲೂ ಕಾಣುವುದಿಲ್ಲ, ಕೈಪಿಡಿಯಲ್ಲಿ ಇರುವುದಿಲ್ಲ, ಕಾರ್ಖಾನೆ ಸ್ಥಿತಿಗೆ ಮರಳಿಸಿದರೂ ಅಳಿಯುವುದಿಲ್ಲ. ಭದ್ರತಾ ದೋಷಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದಕ್ಕೆ ಸಿಡಬ್ಲ್ಯುಇ-798 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ. ‘ಪಾಸ್‌ವರ್ಡ್ ಬದಲಿಸಿ, ಸುರಕ್ಷಿತವಾಗಿರಿ’ ಎಂಬ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಮನೆಯೂ ಡಿಐಆರ್-100ರ ಮುಂದೆ ತೆರೆದೇ ಇತ್ತು. ಇಂಥ ಪ್ರಕರಣಗಳಲ್ಲಿ ಬಳಕೆದಾರರ ಅಜಾಗರೂಕತೆಯನ್ನು ದೂರುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ಇನ್ನೊಂದು ವಿವರ ಮನಸ್ಸಿನಲ್ಲಿ ಉಳಿಯುತ್ತದೆ. ಹೆಫ್ನರ್ ಆ ಅಕ್ಷರಸಾಲನ್ನು ಅಂತರ್ಜಾಲದಲ್ಲಿ ಹುಡುಕಿದಾಗ, ಕೆಲವು ವರ್ಷಗಳ ಹಿಂದೆಯೇ ರಷ್ಯನ್ ಭಾಷೆಯ ಚರ್ಚೆಯೊಂದರಲ್ಲಿ ಯಾರೋ ಅದನ್ನು ‘ಕುತೂಹಲಕರ ಸಾಲು’ ಎಂದು ಗುರುತಿಸಿದ್ದು ಸಿಕ್ಕಿತು. ಅಂದರೆ ಗುಟ್ಟು 2013ರಲ್ಲಿ ಬಯಲಾಗಲಿಲ್ಲ. ಅದು ಎಲ್ಲರಿಗೂ ತಿಳಿದದ್ದು ಆಗ. ನಡುವಿನ ವರ್ಷಗಳಲ್ಲಿ ಅದನ್ನು ಓದಿದ ಬೇರೆಯವರು ಏನು ಮಾಡಿದರೆಂದು ಹೇಳುವ ದಾಖಲೆಯನ್ನು ಯಾವ ರೌಟರ್ ಇಟ್ಟುಕೊಂಡಿರುತ್ತದೆ?

ಹಿಂಬಾಗಿಲು ಏಕೆ ಬೇಕಾಯಿತು

ಬರಹ ಹೊರಬಂದ ಮೇಲೆ ಟ್ರಾವಿಸ್ ಗುಡ್‌ಸ್ಪೀಡ್ ಎಂಬ ಇನ್ನೊಬ್ಬ ಸಂಶೋಧಕರು ಮುಖ್ಯವಾದ ಸುಳಿವೊಂದನ್ನು ಕೊಟ್ಟರು. ಅದೇ ಫರ್ಮ್‌ವೇರ್‌ನಲ್ಲಿ ‘ಎಕ್ಸ್‌ಎಂಎಲ್‌ಸೆಟ್‌ಸಿ’ ಎಂಬ ಪುಟ್ಟ ಪ್ರೋಗ್ರಾಂ ಇತ್ತು, ಆ ಅಕ್ಷರಸಾಲನ್ನು ಬಳಸುತ್ತಿದ್ದುದು ಅದು. ರೌಟರ್‌ನ ಒಳಗಿನ ಬೇರೆ ಪ್ರೋಗ್ರಾಂಗಳು, ಉದಾಹರಣೆಗೆ ಬದಲಾಗುವ ಇಂಟರ್ನೆಟ್ ವಿಳಾಸಕ್ಕೆ ಒಂದೇ ಹೆಸರು ಉಳಿಸಿಕೊಡುವ ಡೈನಮಿಕ್ ಡಿಎನ್‌ಎಸ್ ನೋಡಿಕೊಳ್ಳುವಂಥದ್ದು, ಸೆಟ್ಟಿಂಗ್ ಬದಲಿಸಬೇಕಾದಾಗ ಈ ಪುಟ್ಟ ಪ್ರೋಗ್ರಾಂ ಅನ್ನು ಕರೆಯುತ್ತಿದ್ದವು.

ಇಷ್ಟು ಗೊತ್ತಾದರೆ ನಡೆದದ್ದನ್ನು ಊಹಿಸಬಹುದು. ಹೆಫ್ನರ್ ಅವರ ಊಹೆಯೂ ಇದೇ ಜಾಡಿನದು. ರೌಟರ್‌ನ ಸೆಟ್ಟಿಂಗ್ ಬದಲಿಸುವ ಕೋಡ್ ಎಲ್ಲವೂ ವೆಬ್ ಸರ್ವರ್‌ನಲ್ಲಿ ಇತ್ತು. ಅದನ್ನೇ ಇನ್ನೊಮ್ಮೆ ಬರೆಯುವ ಬದಲು, ಒಳಗಿನ ಪ್ರೋಗ್ರಾಂ ಕೂಡ ಬ್ರೌಸರ್‌ನಂತೆ ವೆಬ್ ಸರ್ವರ್‌ಗೇ ಕೋರಿಕೆ ಕಳುಹಿಸಿದರೆ ಕೆಲಸ ಮುಗಿಯುತ್ತದೆ. ಆದರೆ ವೆಬ್ ಸರ್ವರ್ ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡನ್ನು ಮಾಲೀಕರು ಯಾವಾಗ ಬೇಕಾದರೂ ಬದಲಿಸಬಹುದು. ಹಾಗಾದರೆ ಎಂದಿಗೂ ಬದಲಾಗದ ಇನ್ನೊಂದು ಗುರುತನ್ನು ಇಟ್ಟುಬಿಡೋಣ. ಕೆಲಸಕ್ಕೆ ಗಡುವು ಇರುವ ಯಾವ ಕಚೇರಿಯಲ್ಲಾದರೂ ಹುಟ್ಟಬಹುದಾದ ಯೋಚನೆ ಇದು. ಪ್ರೋಗ್ರಾಂ ಬರೆಯುವವರಿಗೆ ಈ ಸೆಳೆತ ಗೊತ್ತಿರುತ್ತದೆ, ಅದಕ್ಕೇ ಈ ಪ್ರಕರಣ ನನಗೆ ದೂರದ್ದೆನಿಸುವುದಿಲ್ಲ.

ತಪ್ಪು ಇರುವುದು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಬಾಗಿಲಿನಲ್ಲಿ ಬಿಡಿಸಲು ಹೋದದ್ದರಲ್ಲಿ. ‘ಹೊರಗಿನಿಂದ ಬಂದ ಈ ಮನುಷ್ಯ ಮಾಲೀಕನೇ?’ ಎಂಬುದು ಒಂದು ಪ್ರಶ್ನೆ. ‘ಈ ಕೋರಿಕೆ ನನ್ನದೇ ಸಾಧನದ ಒಳಗಿನಿಂದ ಬಂದದ್ದೇ?’ ಎಂಬುದು ಮತ್ತೊಂದು. ಎರಡನೆಯದಕ್ಕೆ ಉತ್ತರ ಹುಡುಕಲು ಗುಟ್ಟಿನ ಪದ ಬೇಕಾಗಿಯೇ ಇಲ್ಲ. ಒಂದೇ ಸಾಧನದ ಪ್ರೋಗ್ರಾಂಗಳು ತಮ್ಮತಮ್ಮಲ್ಲೇ ಮಾತನಾಡಲು ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಯುನಿಕ್ಸ್ ಡೊಮೈನ್ ಸಾಕೆಟ್ ಎಂಬ ಒಳದಾರಿಯಿದೆ, ಅದು ಹೊರಗಿನ ಜಾಲಕ್ಕೆ ತೆರೆದುಕೊಳ್ಳುವುದೇ ಇಲ್ಲ. ಸೆಟ್ಟಿಂಗ್ ಬದಲಿಸುವ ಕೋಡನ್ನು ವೆಬ್ ಸರ್ವರ್‌ನಿಂದ ಬೇರ್ಪಡಿಸಿ ಎರಡೂ ಪ್ರೋಗ್ರಾಂಗಳು ಹಂಚಿಕೊಳ್ಳುವ ಲೈಬ್ರರಿ ಮಾಡಬಹುದಿತ್ತು. ಅದಕ್ಕೂ ಸಮಯವಿಲ್ಲದಿದ್ದರೆ, ಕೋರಿಕೆ 127.0.0.1 ವಿಳಾಸದಿಂದ, ಅಂದರೆ ಸಾಧನದ ಒಳಗಿನಿಂದಲೇ ಬಂದಿದೆಯೇ ಎಂದು ನೋಡುವ ಒಂದು ಸಾಲನ್ನು ಆ ಹೋಲಿಕೆಯ ಪಕ್ಕದಲ್ಲಿ ಸೇರಿಸಬಹುದಿತ್ತು. ಅದು ಆದರ್ಶ ಪರಿಹಾರವಲ್ಲ, ಆದರೂ ಹೊರಗಿನವರಿಗೆ ಈ ಬಾಗಿಲು ಮುಚ್ಚಿರುತ್ತಿತ್ತು.

ಗುಟ್ಟಿನ ಪದವೇ ಬೇಕು ಎಂದಾದರೆ ಅದಕ್ಕೂ ದಾರಿಯಿದೆ. ಸಾಧನ ಪ್ರತಿ ಸಲ ಚಾಲೂ ಆದಾಗ ಹೊಸದೊಂದು ಯಾದೃಚ್ಛಿಕ ಸಾಲನ್ನು ತಾನೇ ಹುಟ್ಟಿಸಿ, ನೆನಪಿನಲ್ಲಷ್ಟೇ ಇಟ್ಟುಕೊಂಡು, ಒಳಗಿನ ಪ್ರೋಗ್ರಾಂಗಳಿಗೆ ಮಾತ್ರ ತಿಳಿಸಬಹುದು. ಫರ್ಮ್‌ವೇರ್ ಕಡತವನ್ನು ಎಷ್ಟು ಬಿಚ್ಚಿದರೂ ಆ ಸಾಲು ಅದರಲ್ಲಿ ಇರುವುದಿಲ್ಲ, ಏಕೆಂದರೆ ಕಡತ ಸಿದ್ಧವಾದಾಗ ಅದು ಹುಟ್ಟಿಯೇ ಇರಲಿಲ್ಲ. ಇದರಲ್ಲೂ ಎಚ್ಚರ ಬೇಕು: ಚಿಕ್ಕ ಸಾಧನಗಳು ಚಾಲೂ ಆದ ಕೂಡಲೇ ಉತ್ತಮ ಯಾದೃಚ್ಛಿಕತೆ ಒದಗಿಸಲಾರವು, ಅದರಿಂದಾಗಿ ದುರ್ಬಲ ಕೀಲಿಗಳು ಹುಟ್ಟಿವೆ ಎಂಬುದನ್ನು 2012ರ ಸಂಶೋಧನೆಯೊಂದು ವಿಸ್ತಾರವಾಗಿ ತೋರಿಸಿತ್ತು. ಆದರೆ ಅದು ಸರಿಪಡಿಸಬಹುದಾದ ಕಷ್ಟ. ಮಾರಾಟವಾಗುವ ಪ್ರತಿ ಪ್ರತಿಯಲ್ಲೂ ಒಂದೇ ಗುಟ್ಟನ್ನು ಇಟ್ಟು ಅದು ಗುಟ್ಟಾಗಿಯೇ ಉಳಿಯಲಿ ಎಂದು ಆಶಿಸುವುದಕ್ಕೆ ಪರಿಹಾರವೇ ಇಲ್ಲ.

ಯಾರ ಮನೆಗಳು, ಎಷ್ಟು ಅಪಾಯ

ಆಲ್ಫಾ ನೆಟ್‌ವರ್ಕ್ಸ್ ಮೊದಲು ಡಿ-ಲಿಂಕ್‌ನದೇ ಭಾಗವಾಗಿತ್ತು, 2003ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು. ಬೇರೆ ಬೇರೆ ಬ್ರಾಂಡ್‌ಗಳಿಗೆ ಸಾಧನ ಮಾಡಿಕೊಡುವುದು ಅದರ ವ್ಯವಹಾರ. ಆದ್ದರಿಂದ ಹಿಂಬಾಗಿಲು ಒಂದೇ ಮಾದರಿಯಲ್ಲಿ ಉಳಿಯಲಿಲ್ಲ. ಭದ್ರತಾ ದೋಷಗಳ ಸಾರ್ವಜನಿಕ ದಾಖಲೆಯಲ್ಲಿ ಸಿವಿಇ-2013-6026 ಎಂಬ ಸಂಖ್ಯೆಯಲ್ಲಿ ದಾಖಲಾದ ಈ ದೋಷದ ಪಟ್ಟಿಯಲ್ಲಿ ಡಿಐಆರ್-100, ಡಿಐಆರ್-120, ಡಿಐ-624ಎಸ್, ಡಿಐ-524ಯುಪಿ, ಡಿಐ-604 ಸರಣಿಯ ಮೂರು ಮಾದರಿಗಳು, ಟಿಎಂ-ಜಿ5240, ಜೊತೆಗೆ ಜಪಾನಿನ ಪ್ಲಾನೆಕ್ಸ್ ಕಂಪನಿಯ ಮೂರು ಮಾದರಿಗಳಿವೆ. ಪ್ಲಾನೆಕ್ಸ್ ರೌಟರ್ ಕೊಂಡವರಿಗೆ ತಮ್ಮ ಸಾಧನಕ್ಕೂ ಡಿ-ಲಿಂಕ್‌ನದಕ್ಕೂ ಒಂದೇ ಬೀಗದ ಕೈ ಎಂದು ಊಹಿಸುವ ದಾರಿಯೇ ಇರಲಿಲ್ಲ. 2013ರ ಅಕ್ಟೋಬರ್‌ನಲ್ಲೇ ಈ ದೋಷವನ್ನು ನಿಜವಾದ ದಾಳಿಗಳಲ್ಲಿ ಬಳಸಲಾಗಿತ್ತು ಎಂದು ಅದೇ ದಾಖಲೆ ಹೇಳುತ್ತದೆ.

ಒಳಗೆ ಬಂದವರು ಏನು ಮಾಡಬಹುದು? ಮಾಲೀಕರು ಮಾಡಬಹುದಾದುದೆಲ್ಲವನ್ನೂ. ಇಂಟರ್ನೆಟ್ ಸಂಪರ್ಕದ ಹೆಸರು ಮತ್ತು ಪಾಸ್‌ವರ್ಡ್ ಬದಲಿಸಬಹುದು, ಮನೆಯೊಳಗಿನ ಕಂಪ್ಯೂಟರ್‌ಗೆ ಹೊರಗಿನಿಂದ ನೇರ ದಾರಿ ಮಾಡಬಹುದು, ದೂರದಿಂದ ಆಡಳಿತ ನಡೆಸುವ ಸೌಲಭ್ಯವನ್ನು ಚಾಲೂ ಮಾಡಬಹುದು. ಇವೆಲ್ಲಕ್ಕಿಂತ ನನ್ನನ್ನು ಹೆದರಿಸುವುದು ಡಿಎನ್‌ಎಸ್ ಬದಲಾವಣೆ. ಜಾಲತಾಣದ ಹೆಸರನ್ನು ಅಂಕಿಗಳ ವಿಳಾಸವಾಗಿ ಬದಲಿಸಿಕೊಡುವ ಡಿಎನ್‌ಎಸ್ ಸರ್ವರ್ ಯಾವುದೆಂದು ಮನೆಯ ಎಲ್ಲ ಸಾಧನಗಳಿಗೂ ಹೇಳುವುದು ಸಾಮಾನ್ಯವಾಗಿ ರೌಟರ್. ಅಲ್ಲಿ ಒಂದು ಸಂಖ್ಯೆ ತಿದ್ದಿದರೆ, ಬ್ಯಾಂಕಿನ ಸರಿಯಾದ ವಿಳಾಸವನ್ನು ಅಕ್ಷರ ತಪ್ಪದೆ ಬರೆದವರೂ ನಕಲಿ ಪುಟಕ್ಕೆ ಹೋಗಬಹುದು. ಕಂಪ್ಯೂಟರ್‌ನಲ್ಲಿ ವೈರಸ್ ಇಲ್ಲ, ಮೊಬೈಲ್‌ನಲ್ಲಿ ಅನುಮಾನಾಸ್ಪದ ಆ್ಯಪ್ ಇಲ್ಲ, ಎಲ್ಲಿ ಹುಡುಕಿದರೂ ಸುಳಿವಿಲ್ಲ.

ಇದು ಕಲ್ಪನೆಯ ಭಯವಲ್ಲ. ಬ್ರೆಜಿಲ್‌ನಲ್ಲಿ 2011-12ರ ಸುಮಾರಿಗೆ ಸುಮಾರು 45 ಲಕ್ಷ ಡಿಎಸ್‌ಎಲ್ ಮೋಡೆಮ್‌ಗಳ (ಫೋನ್ ತಂತಿಯ ಮೂಲಕ ಇಂಟರ್ನೆಟ್ ಕೊಡುವ ಸಾಧನಗಳ) ಡಿಎನ್‌ಎಸ್ ಸೆಟ್ಟಿಂಗ್ ಅನ್ನು ಅಪರಾಧಿಗಳು ಬದಲಿಸಿದ್ದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆಯ ಸಂಶೋಧಕ ಫಾಬಿಯೊ ಅಸ್ಸೊಲಿನಿ 2012ರಲ್ಲಿ ವಿವರಿಸಿದ್ದರು. ಅಲ್ಲಿ ಬಳಸಿದ ದೋಷ ಬೇರೆ, ಡಿಐಆರ್-100ರದ್ದಲ್ಲ. ಆದರೆ ರೌಟರ್‌ನ ಆಡಳಿತ ಪುಟ ಕೈಗೆ ಸಿಕ್ಕರೆ ಅದರಿಂದ ಹಣ ಮಾಡುವ ಬಗೆ ಹೇಗೆಂದು ಹೆಫ್ನರ್ ಬರಹಕ್ಕೆ ಒಂದು ವರ್ಷ ಮೊದಲೇ ಜಗತ್ತಿಗೆ ತಿಳಿದಿತ್ತು.

ಅಪಾಯದ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ದೂರದಿಂದ ಆಡಳಿತ ನಡೆಸುವ ಸೌಲಭ್ಯ ಚಾಲೂ ಇದ್ದರೆ ಇಂಟರ್ನೆಟ್‌ನ ಯಾವ ಮೂಲೆಯಿಂದಲಾದರೂ ಈ ಬಾಗಿಲು ತಟ್ಟಬಹುದು. ಅದು ಆರಿದ್ದರೆ ಮನೆಯ ಜಾಲದೊಳಗೆ ಇರುವವರಿಗೆ ಮಾತ್ರ ಸಾಧ್ಯ. ಬ್ರೌಸರ್‌ನಲ್ಲಿ ತೆರೆದ ದುರುದ್ದೇಶದ ಪುಟವೊಂದು ರೌಟರ್‌ಗೆ ಕದ್ದು ಕೋರಿಕೆ ಕಳುಹಿಸುವ ತಂತ್ರ ಇಲ್ಲಿ ಅಷ್ಟು ಸುಲಭವಲ್ಲ, ಏಕೆಂದರೆ ಯೂಸರ್ ಏಜೆಂಟ್ ಸಾಲನ್ನು ತಿದ್ದಲು ಬ್ರೌಸರ್‌ಗಳು ಪುಟಗಳಿಗೆ ಸಾಮಾನ್ಯವಾಗಿ ಅವಕಾಶ ಕೊಡುತ್ತಿರಲಿಲ್ಲ. ಆದರೆ ಕಂಪ್ಯೂಟರ್‌ಗೆ ಹೊಕ್ಕ ಯಾವುದೇ ಪ್ರೋಗ್ರಾಂಗೆ ಆ ತಡೆಯಿಲ್ಲ. ‘ಒಳಜಾಲದಿಂದ ಮಾತ್ರ’ ಎಂಬ ಮಾತಿನಿಂದ ಸಮಾಧಾನ ಪಡುವವರು ತಮ್ಮ ಜಾಲದಲ್ಲಿ ಎಷ್ಟು ಸಾಧನಗಳಿವೆ ಎಂದು ಒಮ್ಮೆ ಎಣಿಸಿ ನೋಡಬೇಕು.

ದುರಸ್ತಿ, ಮತ್ತು ದುರಸ್ತಿಯ ಮೇಲಿನ ಅನುಮಾನ

ಬರಹ ಪ್ರಕಟವಾದ ಕೆಲವೇ ದಿನಗಳಲ್ಲಿ ತಂತ್ರಾಂಶದ ಭದ್ರತಾ ದೋಷಗಳ ಬಗ್ಗೆ ಎಚ್ಚರಿಸುವ ಅಮೆರಿಕದ ಸರ್ಟ್ ಸಮನ್ವಯ ಕೇಂದ್ರ ಎಚ್ಚರಿಕೆ ಹೊರಡಿಸಿತು. ಡಿ-ಲಿಂಕ್ ಅಕ್ಟೋಬರ್ ಅಂತ್ಯದೊಳಗೆ ಹೊಸ ಫರ್ಮ್‌ವೇರ್ ಕೊಡುವುದಾಗಿ ಹೇಳಿತು, ಅಲ್ಲಿಯವರೆಗೆ ದೂರದ ಆಡಳಿತ ಸೌಲಭ್ಯವನ್ನು ಆರಿಸಿಡಿ ಎಂದು ಸಲಹೆ ನೀಡಿತು. ದುರಸ್ತಿಯ ಕಡತಗಳು ಬಂದದ್ದು ಡಿಸೆಂಬರ್ ಆರಂಭದ ಹೊತ್ತಿಗೆ.

ಕಡತ ಬಂದರೆ ದುರಸ್ತಿ ಆಯಿತೆಂದಲ್ಲ. ಆ ತಲೆಮಾರಿನ ರೌಟರ್‌ಗಳ ಮಾಲೀಕರು ಸುದ್ದಿಯನ್ನು ತಾವೇ ತಿಳಿಯಬೇಕಿತ್ತು, ಸಾಧನದ ಅಡಿಯ ಚೀಟಿಯಲ್ಲಿ ಮಾದರಿಯ ಜೊತೆಗೆ ಹಾರ್ಡ್‌ವೇರ್ ಆವೃತ್ತಿಯನ್ನೂ ನೋಡಬೇಕಿತ್ತು, ಸರಿಯಾದ ಕಡತವನ್ನು ಇಳಿಸಿಕೊಂಡು ಆಡಳಿತ ಪುಟದಿಂದ ಏರಿಸಬೇಕಿತ್ತು. ನಡುವೆ ವಿದ್ಯುತ್ ಹೋದರೆ ಸಾಧನವೇ ಕೆಡುವ ಅಂಜಿಕೆ ಬೇರೆ. ಇಂಟರ್ನೆಟ್ ಸರಿಯಾಗಿ ಬರುತ್ತಿರುವಾಗ ಇಷ್ಟೆಲ್ಲ ಮಾಡುವ ಮನೆಗಳು ಎಷ್ಟು? ಒಂದು ಸಾಲಿನ ತಪ್ಪು ಒಂದು ಕಚೇರಿಯಲ್ಲಿ ಆಯಿತು, ಅದನ್ನು ತಿದ್ದುವ ಹೊರೆ ಪ್ರತಿ ಮನೆಯ ಹೆಗಲಿಗೆ ಬಿತ್ತು. ಈ ಅಸಮತೋಲನದ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ದುರಸ್ತಿಯನ್ನೇ ನಂಬಬಹುದೇ ಎಂಬ ಪ್ರಶ್ನೆ ಕೆಲವೇ ತಿಂಗಳಲ್ಲಿ ಬೇರೊಂದು ಪ್ರಕರಣದಿಂದ ಎದ್ದಿತು. ಎಲೋಯಿ ವಾಂಡರ್‌ಬೆಕೆನ್ ಎಂಬ ಫ್ರಾನ್ಸಿನ ಸಂಶೋಧಕರು 2013ರ ಕ್ರಿಸ್‌ಮಸ್ ರಜೆಯಲ್ಲಿ ಲಿಂಕ್ಸಿಸ್ ರೌಟರ್ ಒಂದರಲ್ಲಿ 32764ನೇ ಪೋರ್ಟ್‌ನಲ್ಲಿ, ಅಂದರೆ ಜಾಲದ ಸಂಪರ್ಕ ಸ್ವೀಕರಿಸುವ ಆ ಸಂಖ್ಯೆಯ ಕಿಂಡಿಯಲ್ಲಿ, ಕಾದು ಕುಳಿತಿದ್ದ ಗುಪ್ತ ಸೇವೆಯನ್ನು ಕಂಡುಹಿಡಿದರು. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಅದರ ಜಾಡು ಸರ್ಕಾಮ್ ಎಂಬ ತಯಾರಕ ಸಂಸ್ಥೆಯತ್ತ ಹೋಯಿತು. ಬೇರೆ ಬೇರೆ ಬ್ರಾಂಡ್‌ಗಳ ರೌಟರ್‌ಗಳಲ್ಲೂ ಅದೇ ಸೇವೆ ಸಿಕ್ಕಿತು. ದುರಸ್ತಿ ಮಾಡಿದ ಫರ್ಮ್‌ವೇರ್‌ಗಳು ಬಂದವು. 2014ರ ಏಪ್ರಿಲ್‌ನಲ್ಲಿ ವಾಂಡರ್‌ಬೆಕೆನ್ ಅಂಥ ಒಂದನ್ನು, ನೆಟ್‌ಗಿಯರ್ ಡಿಜಿಎನ್1000 ಮಾದರಿಯದ್ದನ್ನು, ಬಿಚ್ಚಿ ನೋಡಿದರು. ಸೇವೆಯನ್ನು ತೆಗೆದಿರಲಿಲ್ಲ, ಮಲಗಿಸಿದ್ದರು. ಒಳಜಾಲದಿಂದ ವಿಶೇಷ ರೂಪದ ಒಂದು ಎತರ್‌ನೆಟ್ ಪ್ಯಾಕೆಟ್ (ಜಾಲದಲ್ಲಿ ಸಾಗುವ ಮಾಹಿತಿಯ ಪೊಟ್ಟಣ) ಬಂದರೆ ಅದು ಮತ್ತೆ ಎದ್ದು ಕೂರುತ್ತಿತ್ತು.

ಡಿಐಆರ್-100ರಲ್ಲಿ ಹಿಂಬಾಗಿಲಿನ ಹೆಸರನ್ನು ತಿರುಗಿಸಿ ಬರೆದದ್ದಕ್ಕೂ ಇಲ್ಲಿ ಸೇವೆಯನ್ನು ಪ್ಯಾಕೆಟ್ ಹಿಂದೆ ಅಡಗಿಸಿದ್ದಕ್ಕೂ ಮನೋಭಾವ ಒಂದೇ. ಎರಡೂ ಕಡೆ ಬಚ್ಚಿಡುವುದನ್ನೇ ಭದ್ರತೆ ಎಂದು ತಿಳಿದುಕೊಂಡರು. ಹೊಸ ಫರ್ಮ್‌ವೇರ್ ಬಂದಾಗ ಹಳೆಯ ಅಕ್ಷರಸಾಲು ಕಾಣುತ್ತಿಲ್ಲ ಎಂದಷ್ಟೇ ನೋಡಿದರೆ ಸಾಲದು, ತಪಾಸಣೆಯ ಫಂಕ್ಷನ್‌ನಲ್ಲಿ ಯಾವ ಯಾವ ದಾರಿಗಳು ‘ಒಳಗೆ ಬಿಡು’ ಎಂಬಲ್ಲಿಗೆ ಹೋಗಿ ಮುಟ್ಟುತ್ತವೆ ಎಂದು ಒಂದೊಂದಾಗಿ ನೋಡಬೇಕು. ಇದನ್ನು ಮಾಡುವ ಹೆಫ್ನರ್, ವಾಂಡರ್‌ಬೆಕೆನ್‌ರಂಥವರ ಶ್ರಮವಿಲ್ಲದಿದ್ದರೆ ನಮಗೆ ಸತ್ಯ ತಿಳಿಯುತ್ತಲೇ ಇರಲಿಲ್ಲ.

ಮತ್ತೆ ಮತ್ತೆ ಅದೇ ಸಾಲು

2015ರ ಆಗಸ್ಟ್‌ನಲ್ಲಿ ಸರ್ಟ್ ಇನ್ನೊಂದು ಎಚ್ಚರಿಕೆ ಕೊಟ್ಟಿತು. ಏಸುಸ್, ಝಡ್‌ಟಿಇ, ಡಿಜಿಕಾಂ ಮೊದಲಾದ ಐದು ಹೆಸರುಗಳಲ್ಲಿ ಮಾರಾಟವಾದ ಡಿಎಸ್‌ಎಲ್ ರೌಟರ್‌ಗಳಿಗೆ ಜಾಲದಾಚೆಯಿಂದ ಆದೇಶ ಕೊಡುವ ಹಳೆಯ ವಿಧಾನವಾದ ಟೆಲ್‌ನೆಟ್ ಮೂಲಕ ಒಳಹೋಗುವ ಅಚ್ಚೊತ್ತಿದ ಪಾಸ್‌ವರ್ಡ್ ಇತ್ತು: ನಾಲ್ಕು ಅಕ್ಷರಗಳು, ಅವುಗಳ ಹಿಂದೆ ‘ಏರೋಕಾನ್’ ಎಂಬ ಪದ. ಆ ನಾಲ್ಕು ಅಕ್ಷರಗಳು ಸಾಧನದ ಮ್ಯಾಕ್ ವಿಳಾಸದ, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ತಯಾರಿಕಾ ಸಂಖ್ಯೆಯ, ಕೊನೆಯ ನಾಲ್ಕು. ಪ್ರತಿ ಸಾಧನಕ್ಕೂ ಬೇರೆ ಪಾಸ್‌ವರ್ಡ್ ಕೊಟ್ಟೆವು ಎಂದು ಅದನ್ನು ಮಾಡಿದವರು ನಂಬಿದ್ದರೇನೋ. ಆದರೆ ಮ್ಯಾಕ್ ವಿಳಾಸ ಗುಟ್ಟಲ್ಲ; ಒಂದೇ ಜಾಲದಲ್ಲಿರುವ ಎಲ್ಲರಿಗೂ ಅದು ಕಾಣುತ್ತದೆ.

ಅದೇ ವರ್ಷ ನವೆಂಬರ್‌ನಲ್ಲಿ ಆಸ್ಟ್ರಿಯಾದ ಎಸ್‌ಇಸಿ ಕನ್ಸಲ್ಟ್ ಸಂಸ್ಥೆ 4,000ಕ್ಕೂ ಹೆಚ್ಚು ಸಾಧನಗಳ ಫರ್ಮ್‌ವೇರ್ ಪರಿಶೀಲಿಸಿ 580 ಬೇರೆ ಬೇರೆ ಖಾಸಗಿ ಕೀಲಿಗಳನ್ನು ಹೊರತೆಗೆಯಿತು. ಎನ್‌ಕ್ರಿಪ್ಷನ್‌ಗೆಂದು ಇರುವ, ಯಾರಿಗೂ ತಿಳಿಯಬಾರದ ಕೀಲಿಗಳು ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಕಡತಗಳಲ್ಲಿ ಕುಳಿತಿದ್ದವು.

ಡಿಐಆರ್-100ಕ್ಕೆ ಅತಿ ಹತ್ತಿರದ ನಂಟು ಇರುವುದು 2020ರ ಝೈಕ್ಸೆಲ್ ಪ್ರಕರಣಕ್ಕೆ. ಅದು ಮನೆಯ ರೌಟರ್ ಅಲ್ಲ, ಕಚೇರಿಗಳ ಜಾಲಕ್ಕೆ ಬರುವ ಸಂಚಾರವನ್ನು ತಡೆದು ನೋಡುವ ಫೈರ್‌ವಾಲ್. ನೀಲ್ಸ್ ಟ್ಯೂಸಿಂಕ್ ಎಂಬ ಡಚ್ ಸಂಶೋಧಕರು ಅದರ 4.60ನೇ ಫರ್ಮ್‌ವೇರ್‌ನಲ್ಲಿ ಆಡಳಿತದ ಪೂರ್ಣ ಅಧಿಕಾರವಿದ್ದ ಒಂದು ಗುಪ್ತ ಖಾತೆಯನ್ನು, ಅದರ ಪಾಸ್‌ವರ್ಡ್ ಸಮೇತ, ಕಂಡುಹಿಡಿದರು. ಬಳಕೆದಾರರ ಪಟ್ಟಿಯಲ್ಲಿ ಆ ಖಾತೆ ಕಾಣುತ್ತಿರಲಿಲ್ಲ, ಪಾಸ್‌ವರ್ಡ್ ಬದಲಿಸಲು ಆಗುತ್ತಿರಲಿಲ್ಲ. ಒಂದು ಲಕ್ಷಕ್ಕೂ ಹೆಚ್ಚು ಸಾಧನಗಳು ಅಪಾಯದಲ್ಲಿವೆ ಎಂದು ಅಂದಾಜಾಯಿತು. ಆ ಖಾತೆ ಏಕಿತ್ತು ಎಂಬುದಕ್ಕೆ ಕಂಪನಿ ಕೊಟ್ಟ ವಿವರಣೆ: ಸಂಪರ್ಕದಲ್ಲಿರುವ, ವೈಫೈ ಒದಗಿಸುವ ಆಕ್ಸೆಸ್ ಪಾಯಿಂಟ್‌ಗಳಿಗೆ ಹೊಸ ಫರ್ಮ್‌ವೇರ್ ಅನ್ನು ತಾನಾಗಿ ತಲುಪಿಸುವುದಕ್ಕೆ. ಯಂತ್ರವೊಂದು ಮನುಷ್ಯರ ನೆರವಿಲ್ಲದೆ ಒಳಹೋಗಬೇಕಿತ್ತು, ಅದಕ್ಕೊಂದು ಬದಲಾಗದ ಬೀಗದ ಕೈ ಮಾಡಿಕೊಟ್ಟರು. ವರ್ಷಗಳ ಹಿಂದೆ ಬೇರೊಂದು ಕಚೇರಿಯಲ್ಲಿ ಆದದ್ದೇ ಇಲ್ಲಿಯೂ ಆಯಿತು.

ಕಾನೂನು ಬಂದದ್ದು ನಿಧಾನವಾಗಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2017ರ ಜನವರಿಯಲ್ಲಿ ಡಿ-ಲಿಂಕ್ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ, ಕ್ಯಾಮೆರಾ ತಂತ್ರಾಂಶದಲ್ಲಿ ‘ಗೆಸ್ಟ್’ ಎಂಬ ಹೆಸರಿಗೆ ‘ಗೆಸ್ಟ್’ ಎಂಬುದೇ ಪಾಸ್‌ವರ್ಡ್ ಆಗಿ ಅಚ್ಚೊತ್ತಿತ್ತು ಎಂಬ ಆರೋಪವೂ ಇತ್ತು. 2019ರ ರಾಜಿಯಲ್ಲಿ ಕಂಪನಿ ಸಮಗ್ರ ತಂತ್ರಾಂಶ ಭದ್ರತಾ ಯೋಜನೆಗೂ, ಹತ್ತು ವರ್ಷ ಕಾಲ ಎರಡು ವರ್ಷಕ್ಕೊಮ್ಮೆ ಹೊರಗಿನವರ ಪರಿಶೀಲನೆಗೂ ಒಪ್ಪಿಕೊಂಡಿತು. 2020ರ ಯುರೋಪಿನ ಇಎನ್ 303 645 ಮಾನದಂಡ ಎಲ್ಲ ಸಾಧನಗಳಿಗೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇರಕೂಡದು ಎನ್ನುತ್ತದೆ, ಭದ್ರತೆಗೆ ನಿರ್ಣಾಯಕವಾದ ಗುಟ್ಟುಗಳನ್ನು ಕೋಡ್‌ನಲ್ಲಿ ಅಚ್ಚೊತ್ತಬಾರದು ಎಂದೂ ಬೇರೆಯಾಗಿ ಹೇಳುತ್ತದೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಸಾರ್ವತ್ರಿಕ ಡೀಫಾಲ್ಟ್ ಪಾಸ್‌ವರ್ಡ್ ಕಾನೂನುಬಾಹಿರ. ನನ್ನ ಮಟ್ಟಿಗೆ ಮಾನದಂಡದ ಆ ಎರಡನೆಯ ಮಾತು ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಅಲ್ಲಿ ಮಾಲೀಕರು ತಮ್ಮನ್ನು ತಾವು ಕಾಪಾಡಿಕೊಳ್ಳುವ ದಾರಿಯೇ ಇರುವುದಿಲ್ಲ.

ಮನೆಯಲ್ಲಿ ಹಳೆಯ ರೌಟರ್ ಇರುವವರು ಮಾದರಿ ಮತ್ತು ಹಾರ್ಡ್‌ವೇರ್ ಆವೃತ್ತಿಯನ್ನು ಬರೆದುಕೊಂಡು, ಅದಕ್ಕೆ ತಯಾರಕರ ಬೆಂಬಲ ಇನ್ನೂ ಇದೆಯೇ ಎಂದು ಮೊದಲು ನೋಡಬೇಕು. ಬೆಂಬಲ ಮುಗಿದಿದ್ದರೆ ಹೊಸ ದೋಷ ಸಿಕ್ಕಿದಾಗ ದುರಸ್ತಿ ಬರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಡಿ-ಲಿಂಕ್‌ನ ಹಳೆಯ ಶೇಖರಣಾ ಸಾಧನಗಳಲ್ಲಿ ಪಾಸ್‌ವರ್ಡೇ ಇಲ್ಲದ ಅಚ್ಚೊತ್ತಿದ ಖಾತೆಯೊಂದು ಬಯಲಾದಾಗ, ಆ ಸಾಧನಗಳ ಆಯುಷ್ಯ ಮುಗಿದಿದೆ, ಬದಲಿಸಿಕೊಳ್ಳಿ ಎಂಬುದೇ ಕಂಪನಿಯ ಉತ್ತರವಾಗಿತ್ತು. ಬೆಂಬಲ ಇದ್ದರೆ ಫರ್ಮ್‌ವೇರ್ ಏರಿಸಿ, ದೂರದ ಆಡಳಿತವನ್ನು ಆರಿಸಿ, ಆಮೇಲೆ ಕಾರ್ಖಾನೆ ಸ್ಥಿತಿಗೆ ಮರಳಿಸಿ ಎಲ್ಲ ಸೆಟ್ಟಿಂಗ್‌ಗಳನ್ನೂ ಕೈಯಾರೆ ಮತ್ತೆ ಹಾಕಬೇಕು. ಈ ಕೊನೆಯ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೊಸ ಫರ್ಮ್‌ವೇರ್ ಬಾಗಿಲನ್ನು ಮುಚ್ಚುತ್ತದೆ, ಆದರೆ ಮುಚ್ಚುವ ಮೊದಲೇ ಒಳಬಂದವರು ಬದಲಿಸಿಟ್ಟ ಡಿಎನ್‌ಎಸ್ ಸಂಖ್ಯೆಯನ್ನು ಅದು ಹಾಗೆಯೇ ಉಳಿಸಿಕೊಳ್ಳುತ್ತದೆ.